ಕೂದಲೆಳೆ ಗೆರೆಯ ಓರೆ ಅಕ್ಷರ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ತಮ್ಮನ ಮದುವೆ ಕಾರ್ಡು ಮಾಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಇಂಗ್ಲಿಷ್ ಬದಿಗೆ ನಾನೇ ಆಸೆಪಟ್ಟು ಒಂದು ಇಟಾಲಿಕ್ ಫಾಂಟ್, ಅಂದರೆ ಬಲಕ್ಕೆ ಓರೆಯಾದ ಅಕ್ಷರ, ಆರಿಸಿದೆ. ಅದರ ದಪ್ಪ ಗೆರೆ ಬಲು ದಪ್ಪ, ತೆಳು ಗೆರೆ ಕೂದಲೆಳೆಯಷ್ಟು. ಕಂಪ್ಯೂಟರಿನಲ್ಲಿ ನೋಡಿದಾಗ ಕಣ್ಣಿಗೆ ಹಬ್ಬ. ಕಾರ್ಡು ಅಚ್ಚಾಗಿ ಬಂತು. ಮೆರೂನ್ ಬಣ್ಣದ ಮೇಲೆ ಬಿಳಿ ಅಕ್ಷರ. ಗಂಡು ಹೆಣ್ಣಿನ ಹೆಸರು ದೊಡ್ಡದಾಗಿ, ಚೆಂದವಾಗಿ ನಿಂತಿತ್ತು. ಕೆಳಗೆ ಸಣ್ಣದಾಗಿ ಹಾಕಿಸಿದ್ದ ಛತ್ರದ ವಿಳಾಸ ಮಾತ್ರ ಒಡೆದ ಬಳೆ ಚೂರಿನ ಹಾಗೆ ಕಾಣುತ್ತಿತ್ತು. ತೆಳು ಗೆರೆಗಳನ್ನೆಲ್ಲ ಸುತ್ತಲಿನ ಶಾಯಿ ನುಂಗಿಬಿಟ್ಟಿತ್ತು. ನಮ್ಮ ಅತ್ತೆ ಕಾರ್ಡನ್ನು ಕಿಟಕಿ ಹತ್ತಿರ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ, ಕೊನೆಗೆ ಕನ್ನಡದ ಬದಿಗೆ ತಿರುಗಿಸಿದರು.

ಅಚ್ಚು ಹಾಕಿದವರ ತಪ್ಪಲ್ಲ ಅದು. ಆರಿಸಿದ ನನ್ನದು. ಅವತ್ತಿನಿಂದ ಈ ಅಕ್ಷರಗಳ ಬೆನ್ನು ಹತ್ತಿದೆ.

ಇಟಾಲಿಕ್ ಅಂದರೆ ನೆಟ್ಟಗಿರುವ ಅಕ್ಷರವನ್ನು ಸುಮ್ನೆ ಬಲಕ್ಕೆ ವಾಲಿಸಿದ್ದು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ಅದು ಬೇರೆಯದೇ ಒಂದು ಕೈಬರಹ. ಇಟಲಿಯಲ್ಲಿ ಓದುಬರಹದವರು ಬೇಗಬೇಗ ಬರೆಯುತ್ತಿದ್ದ ಅಕ್ಷರವನ್ನು ನೋಡಿ ಫ್ರಾಂಚೆಸ್ಕೊ ಗ್ರಿಫೊ ಎಂಬ ಕುಶಲಿ ಅದನ್ನು ಉಕ್ಕಿನಲ್ಲಿ ಕೊರೆದ. ವೆನಿಸ್ಸಿನ ಆಲ್ಡಸ್ ಮನೂಟಿಯಸ್ 1501ರಲ್ಲಿ ವರ್ಜಿಲ್ ಕವಿಯ ಇಡೀ ಪುಸ್ತಕವನ್ನು ಆ ಅಕ್ಷರದಲ್ಲೇ ಅಚ್ಚು ಹಾಕಿದ. ಅದಕ್ಕೇ ಇಟಾಲಿಕ್‌ನಲ್ಲಿ ಅಕ್ಷರದ ಮೈಕಟ್ಟೇ ಬದಲಾಗುತ್ತದೆ. ಇಂಗ್ಲಿಷಿನ ಸಣ್ಣ 'ಎ' ತಲೆಯ ಮೇಲಿನ ಕೊಕ್ಕೆ ಕಳಚಿಕೊಂಡು ಒಂದೇ ಬಟ್ಟಲಾಗುತ್ತದೆ. 'ಎಫ್' ಸಾಲಿನಿಂದ ಕೆಳಕ್ಕೆ ಬಾಲ ಇಳಿಬಿಡುತ್ತದೆ. 'ಎನ್' ಕಾಲೂರಿ ನಿಲ್ಲುವುದಿಲ್ಲ, ಪಕ್ಕದ ಅಕ್ಷರದ ಕಡೆಗೆ ಕೈ ಚಾಚುತ್ತದೆ.

ಆದರೆ ಗ್ರಿಫೊನ ಅಕ್ಷರದಲ್ಲಿ ದಪ್ಪಕ್ಕೂ ತೆಳುವಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಆ ಬೆಡಗು ಬಂದದ್ದು ಚೂಪು ಮೊನೆಯ ಪೆನ್ನಿನಿಂದ. ಒತ್ತಿದರೆ ನಿಬ್ಬು ಅಗಲವಾಗಿ ದಪ್ಪ ಗೆರೆ ಬರುತ್ತದೆ, ಕೈ ಹಗುರ ಮಾಡಿದರೆ ಎಳೆ ಮಾತ್ರ. ಇಂಥ ಎಳೆಯನ್ನು ಅಚ್ಚಿನಲ್ಲಿ ಮೂಡಿಸಲು ಒಳ್ಳೆ ಕಾಗದವೂ ಬೇಕಿತ್ತು. ಬರ್ಮಿಂಗ್‌ಹ್ಯಾಮಿನ ಮುದ್ರಕ ಜಾನ್ ಬಾಸ್ಕರ್‌ವಿಲ್ ನಯವಾದ ಕಾಗದ, ಕಡುಗಪ್ಪು ಶಾಯಿ ಎರಡಕ್ಕೂ ತಲೆ ಕೆಡಿಸಿಕೊಂಡವನು. ಅವನ ಮೊದಲ ಪುಸ್ತಕವೂ ವರ್ಜಿಲನದೇ, 1757ರಲ್ಲಿ. ಆಮೇಲೆ ಬಂದವನು ಜಾಂಬಾಟಿಸ್ಟಾ ಬೊಡೋನಿ. 1768ರಲ್ಲಿ ಇಟಲಿಯ ಪಾರ್ಮಾ ದೊರೆಯ ಮುದ್ರಣಾಲಯಕ್ಕೆ ಸೇರಿ, 1813ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಅಕ್ಷರ ಕೊರೆದ. ಅವನ ಅಕ್ಷರಗಳ ದೊಡ್ಡ ಮಾದರಿ ಪುಸ್ತಕ ಎರಡು ಸಂಪುಟಗಳಲ್ಲಿ ಹೊರಬಂದದ್ದು 1818ರಲ್ಲಿ. ಅದನ್ನು ಹೊರತಂದವರು ಅವನ ಹೆಂಡತಿ ಮಾರ್ಗರಿಟಾ. ಗಂಡ ಹೋದ ಮೇಲೆ ಐದು ವರ್ಷ ಆ ಕೆಲಸ ಕೈಬಿಡದ ಆಕೆಯ ಹೆಸರನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ.

ನನ್ನ ಕಾರ್ಡು ಕೆಟ್ಟದ್ದು ಏಕೆ ಅಂತ ಗೊತ್ತಾದದ್ದು ಬೊಡೋನಿಯಿಂದಲೇ. ಸೀಸದ ಮೊಳೆಗಳ ಕಾಲದಲ್ಲಿ ಒಂದೊಂದು ಅಳತೆಗೂ ಅಕ್ಷರವನ್ನು ಬೇರೆಯಾಗಿ ಕೊರೆಯಬೇಕಿತ್ತು. ಸಣ್ಣ ಅಳತೆಯಲ್ಲಿ ತೆಳು ಗೆರೆಯನ್ನು ಒಂದಿಷ್ಟು ದಪ್ಪ ಮಾಡುತ್ತಿದ್ದರು, ಅಕ್ಷರಗಳ ನಡುವೆ ಜಾಗ ಜಾಸ್ತಿ ಬಿಡುತ್ತಿದ್ದರು. ದೊಡ್ಡ ಅಳತೆಯಲ್ಲಿ ಮಾತ್ರ ಕೂದಲೆಳೆ. ಕಂಪ್ಯೂಟರ್ ಬಂದ ಮೇಲೆ ಒಂದೇ ಚಿತ್ರವನ್ನು ಹಿಗ್ಗಿಸುವುದು, ಕುಗ್ಗಿಸುವುದು ಶುರುವಾಯಿತು. ಶೀರ್ಷಿಕೆಗೆಂದು ಬರೆದ ಅಕ್ಷರವನ್ನು ಕುಗ್ಗಿಸಿದರೆ ಅದರ ಎಳೆಯೂ ಕುಗ್ಗುತ್ತದೆ. ಅಚ್ಚಿನಲ್ಲಿ ಉಳಿಯುವುದೇ ಇಲ್ಲ.

ಇದನ್ನು ಸರಿಮಾಡಲು ಹೊರಟವರೂ ಇದ್ದಾರೆ. 1990ರ ದಶಕದ ಮೊದಲಲ್ಲಿ ಅಮೆರಿಕದ ಜೊನಾಥನ್ ಹೋಫ್ಲರ್ ಹಾರ್ಪರ್ಸ್ ಬಜಾರ್ ಪತ್ರಿಕೆಗಾಗಿ ಡಿಡೋ ಎಂಬ ಹಳೆಯ ಫ್ರೆಂಚ್ ಮಾದರಿಯ ಅಕ್ಷರ ಮಾಡಿಕೊಟ್ಟರು. ಅಕ್ಷರದ ಗಾತ್ರ ಅಳೆಯುವುದು ಪಾಯಿಂಟಿನಲ್ಲಿ; ಡಿಡೋವನ್ನು 6 ಪಾಯಿಂಟಿನಿಂದ 96 ಪಾಯಿಂಟಿನವರೆಗೆ 7 ಅಳತೆಗೆ ಬೇರೆ ಬೇರೆಯಾಗಿ ಬರೆದರು. ಆರು ಪಾಯಿಂಟಿನಲ್ಲೂ ಎಳೆ ಎಳೆಯಾಗಿಯೇ ಕಾಣಬೇಕು, ತೊಂಬತ್ತಾರರಲ್ಲೂ ಅದು ಹಗ್ಗವಾಗಬಾರದು. ಎಂಥ ತಾಳ್ಮೆ!

ನೀವು ಇಂಥ ಅಕ್ಷರ ಬಳಸುವುದಾದರೆ ನನ್ನ ಅನುಭವ ಹೇಳುತ್ತೇನೆ. ಎರಡು ಮೂರು ಪದಕ್ಕೆ ಮಾತ್ರ ಬಳಸಿ, ದೊಡ್ಡದಾಗಿ ಬಳಸಿ, ಸುತ್ತ ಖಾಲಿ ಜಾಗ ಧಾರಾಳವಾಗಿ ಬಿಡಿ. ಅಕ್ಷರಗಳ ನಡುವೆ ಮಾತ್ರ ಜಾಸ್ತಿ ಅಂತರ ಕೊಡಬೇಡಿ, ಒಂದಕ್ಕೊಂದು ಚಾಚಿದ ಕೈ ತಪ್ಪಿಹೋಗುತ್ತದೆ. ಗಾಢ ಬಣ್ಣದ ಮೇಲೆ ಬಿಳಿ ಅಕ್ಷರ ಬೇಕೇ ಬೇಕೆಂದರೆ ಮೊದಲು ಅದೇ ಕಾಗದದಲ್ಲಿ ಒಂದು ಪ್ರತಿ ತೆಗೆಸಿ ನೋಡಿ. ಪರದೆ ಮೇಲೆ ನೋಡಿ ಒಪ್ಪಬೇಡಿ.

ಕನ್ನಡದ ಬಗ್ಗೆಯೂ ಒಂದು ಮಾತು. ಕಂಪ್ಯೂಟರಿನಲ್ಲಿ ಇಟಾಲಿಕ್ ಗುಂಡಿ ಒತ್ತಿದರೆ ನಮ್ಮ ಅಕ್ಷರ ಸಾಮಾನ್ಯವಾಗಿ ಸುಮ್ನೆ ವಾಲುತ್ತದೆ. ದುಂಡಗಿನ 'ಠ' ಮೊಟ್ಟೆಯ ಹಾಗೆ ಸೊಟ್ಟಗಾಗುತ್ತದೆ. ನನಗೆ ಅದನ್ನು ನೋಡಿದರೆ ಸಂಕಟ. ನಮ್ಮಲ್ಲೂ ಓಡುವ ಕೈಬರಹ ಇದೆ. ಅಜ್ಜಂದಿರ ಕಾಗದಗಳಲ್ಲಿ, ಹಳೆಯ ಲೆಕ್ಕದ ಪುಸ್ತಕಗಳಲ್ಲಿ ನೋಡಿದ್ದೇವೆ. ಅದರಿಂದ ಒಂದು ಕನ್ನಡ ಓರೆ ಅಕ್ಷರ ಹುಟ್ಟಲಿ ಎಂಬುದು ನನ್ನ ಮನಸ್ಸಿನ ಆಸೆ.

ಹೋದ ವರ್ಷ ತಮ್ಮನ ಮಗಳಿಗೆ ನಾಮಕರಣ. ಕಾರ್ಡು ಮತ್ತೆ ನನ್ನ ಪಾಲಿಗೇ ಬಂತು. ಬಿಳಿ ಕಾಗದ, ಕಪ್ಪು ಶಾಯಿ. ಮಗುವಿನ ಹೆಸರೊಂದನ್ನೇ 60 ಪಾಯಿಂಟಿನ ಇಟಾಲಿಕ್‌ನಲ್ಲಿ ಹಾಕಿಸಿದೆ, ವಿಳಾಸಕ್ಕೆ ನೆಟ್ಟಗಿನ ಅಕ್ಷರ. ಹೆಸರಿನ ಕೊನೆಯ 'ಎ'ಯಿಂದ ಹೊರಟ ಎಳೆ ಎಲ್ಲೂ ಕಡಿಯದೆ ಮೇಲಕ್ಕೆ ಹೋಗಿದೆ. ಅತ್ತೆ ಈ ಸಲ ಕಾರ್ಡು ತಿರುಗಿಸಲಿಲ್ಲ. ಆ ಎಳೆಯ ಮೇಲೆ ಬೆರಳಾಡಿಸಿ, "ಇದನ್ನ ಯಾರು ಬರೆದಿದ್ದು?" ಅಂತ ಕೇಳಿದರು.

ನಮಸ್ಕಾರ.