ಹಿಂದೆ ನಿಂತವರಿಗೆ ಇಡೀ ಆಟ ಕಾಣುತ್ತದೆ

ಕೇಳುಗರಿಗೆ ನಮಸ್ಕಾರ.

ಐಸ್ ಹಾಕಿ ಅಂದ ಕೂಡಲೇ ಗೋಲು ಹೊಡೆದವರ ಹೆಸರೇ ಬಾಯಿಗೆ ಬರುತ್ತದೆ, ಅಲ್ವಾ? ಇವತ್ತು ಗೋಲು ತಡೆದವರೊಬ್ಬರ ಕತೆ ಹೇಳುತ್ತೇನೆ. ಹೆಸರು ಲ್ಯಾರಿ ರಾಬಿನ್ಸನ್. ಕೆನಡಾದ ಒಂಟಾರಿಯೊದಲ್ಲಿ ಹಸು ಸಾಕುವ ಮನೆಯಲ್ಲಿ ಬೆಳೆದವರು. ಆರಡಿ ನಾಲ್ಕಿಂಚಿನ ಆಳು. ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಡಿಫೆನ್ಸ್‌ನಲ್ಲಿ 17 ವರ್ಷ ಆಡಿ ಆರು ಸಲ ಸ್ಟಾನ್ಲಿ ಕಪ್, ಅಂದರೆ ಲೀಗ್‌ನ ಚಾಂಪಿಯನ್ ಕಪ್, ಗೆದ್ದರು.

ಡಿಫೆನ್ಸ್ ಅಂದರೆ ಸುಮ್ನೆ ಅಡ್ಡ ನಿಲ್ಲುವುದಲ್ಲ. ಹಿಂದೆ ನಿಂತವರಿಗೆ ಇಡೀ ಆಟ ಕಾಣುತ್ತದೆ. ಒಂದು ಲೆಕ್ಕ ಕೇಳಿ. ಆಟಗಾರ ಐಸ್ ಮೇಲಿದ್ದಾಗ ತಂಡ ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲನ್ನು ಕಳೆಯುತ್ತಾರೆ. ರಾಬಿನ್ಸನ್ ಅವರದ್ದು 700ಕ್ಕೂ ಹೆಚ್ಚು! ಎನ್‌ಎಚ್‌ಎಲ್ ಅಂದರೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್; ಅಲ್ಲಿ ಅಷ್ಟು ಯಾರಿಗೂ ಇಲ್ಲ.

ಈಗ ನನಗೆ ತುಂಬಾ ಇಷ್ಟವಾದ ಪ್ರಸಂಗ. ವರ್ಷ 2000. ರಾಬಿನ್ಸನ್ ನ್ಯೂಜೆರ್ಸಿ ಡೆವಿಲ್ಸ್‌ನ ಸಹಾಯಕ ಕೋಚ್. ಲೀಗ್‌ನಲ್ಲಿ ಇನ್ನು ಎಂಟೇ ಪಂದ್ಯ ಉಳಿದಿದ್ದಾಗ ಮುಖ್ಯ ಕೋಚನ್ನು ತೆಗೆದು ಇವರನ್ನು ಕೂರಿಸಿದರು. ಆಮೇಲೆ ಫಿಲಡೆಲ್ಫಿಯಾ ಫ್ಲೈಯರ್ಸ್ ಜೊತೆ ಏಳು ಪಂದ್ಯಗಳ ಸರಣಿ. ನಾಲ್ಕು ಗೆದ್ದವರು ಫೈನಲ್‌ಗೆ. ನಾಲ್ಕನೇ ಪಂದ್ಯ ಮುಗಿದಾಗ ಫ್ಲೈಯರ್ಸ್ ಮೂರು ಗೆದ್ದಿದ್ದರು, ಡೆವಿಲ್ಸ್ ಒಂದೇ ಒಂದು. ರಾಬಿನ್ಸನ್ ಮೆತ್ತಗಿನ ಮನುಷ್ಯ. ಅವತ್ತು ಡ್ರೆಸಿಂಗ್ ರೂಮಿಗೆ ಬಂದವರೇ ಕೂಗಾಡಿದರು, ಕಸದ ಡಬ್ಬಿಯನ್ನು ಒದ್ದರು. ಆಟಗಾರರು ದಂಗಾದರು.

ಎಲ್ಲರೂ ಆ ಡಬ್ಬಿಯ ಕತೆಯನ್ನೇ ಹೇಳುತ್ತಾರೆ. ನನಗೆ ಬೇಸರ ಅದೇ. ಡಬ್ಬಿ ಒದ್ದರೆ ಪಂದ್ಯ ಗೆಲ್ಲುವ ಹಾಗಿದ್ದರೆ ಎಲ್ಲ ಕೋಚ್‌ಗಳೂ ಒದೆಯುತ್ತಿದ್ದರು! ಮುಂದಿನ ಸ್ಕೋರ್ ನೋಡಿ. 4-1. 2-1. 2-1. ಮೂರೂ ಗೆಲುವು. ಮೂರು ಪಂದ್ಯದಲ್ಲಿ ಬಿಟ್ಟುಕೊಟ್ಟದ್ದು ಬರೀ ಮೂರು ಗೋಲು. ಇದು ಡಿಫೆನ್ಸ್ ಆಡಿದವರು ಕಟ್ಟಿದ ತಂಡ. ಹಿಂದೆ ನಿಂತವರಿಗೆ ಇಡೀ ಆಟ ಕಾಣುತ್ತದೆ ಅಂದೆನಲ್ಲ, ಇದೇ ಅದು.

ಸಮಯ ಆಗುತ್ತಾ ಬಂತು. 2000ಕ್ಕೂ ಮೊದಲು ರಾಬಿನ್ಸನ್ ಲಾಸ್ ಏಂಜಲೀಸ್‌ನಲ್ಲಿ ನಾಲ್ಕು ವರ್ಷ ಕೋಚ್ ಆಗಿದ್ದರು, ಅದು ಅಷ್ಟಾಗಿ ಕೈಹಿಡಿಯಲಿಲ್ಲ. 2001ರ ಫೈನಲ್‌ನ ಏಳನೇ ಪಂದ್ಯದಲ್ಲಿ ಡೆವಿಲ್ಸ್ ಕೊಲರಾಡೊಗೆ ಸೋತರು.

ಆದರೆ 2000ದ ಫೈನಲ್ ಹೇಳಲೇಬೇಕು. ಎದುರಾಳಿ ಡಲ್ಲಾಸ್. ಆರನೇ ಪಂದ್ಯ ಎರಡನೇ ಹೆಚ್ಚುವರಿ ಅವಧಿಗೆ ಹೋಯಿತು. ಜೇಸನ್ ಆರ್ನಾಟ್ ಗೋಲು ಹೊಡೆದರು, ಕಪ್ ಡೆವಿಲ್ಸ್‌ಗೆ. ಆರ್ನಾಟ್‌ಗೆ ಪಕ್, ಅಂದರೆ ಐಸ್ ಮೇಲೆ ಜಾರುವ ರಬ್ಬರ್ ಬಿಲ್ಲೆ, ಕೊಟ್ಟದ್ದು ಪ್ಯಾಟ್ರಿಕ್ ಎಲಿಯಾಸ್. ಎಲಿಯಾಸ್‌ಗೆ ಅದು ಬಂದದ್ದು ನಾಯಕ ಸ್ಕಾಟ್ ಸ್ಟೀವನ್ಸ್ ಅವರಿಂದ. ಸ್ಟೀವನ್ಸ್ ಆಡುತ್ತಿದ್ದದ್ದು ಡಿಫೆನ್ಸ್‌ನಲ್ಲಿ.

ನಮಸ್ಕಾರ.