ರಸ್ತೆ ಒತ್ತುವರಿ: ಅರ್ಜಿ ಯಾರ ಮೇಲೆ?

ಕೇಳುಗರಿಗೆ ನಮಸ್ಕಾರ.

ರಸ್ತೆ ಒತ್ತುವರಿ ಒಂದೇ ರಾತ್ರಿಯಲ್ಲಿ ಆಗುವುದಿಲ್ಲ. ಮೊದಲು ಮೆಟ್ಟಿಲು ಚರಂಡಿ ದಾಟುತ್ತದೆ. ಆಮೇಲೆ ಮೆಟ್ಟಿಲಿಗೆ ತಗಡಿನ ಚಾವಣಿ, ಚಾವಣಿಗೆ ಕಂಬ, ಕಂಬಗಳ ನಡುವೆ ಗೋಡೆ. ಶಟರ್ ಬಂತೆಂದರೆ ಅಂಗಡಿ ತಯಾರು. ಕೇಳಹೋದರೆ, "ನಮ್ಮದೊಂದೇನಾ? ಸಾಲಿಗೆ ಸಾಲೇ ಹೀಗಿದೆ" ಎಂಬ ಉತ್ತರ. ಅದೂ ಸುಳ್ಳಲ್ಲ.

ಬೇಸತ್ತವರು "ಹೈಕೋರ್ಟಿಗೆ ಪಿಐಎಲ್ ಹಾಕಿಬಿಡೋಣ" ಎನ್ನುತ್ತಾರೆ. ಪಿಐಎಲ್ ಎಂದರೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ. ಹಾಕಬಹುದು, ಸಂವಿಧಾನದ 226ನೇ ವಿಧಿಯಲ್ಲಿ ಆ ದಾರಿ ಇದೆ. ಧಾರವಾಡ, ಕಲಬುರಗಿಗಳಲ್ಲೂ ಪೀಠಗಳಿವೆ. ಆದರೆ ಅದು ಎದುರುಮನೆಯವನ ಮೇಲಿನ ದಾವೆಯಲ್ಲ. ಅವನನ್ನೂ ಪ್ರತಿವಾದಿ ಮಾಡಬೇಕು, ನಿಜ; ಅವನ ಅಹವಾಲು ಕೇಳದೆ ಅವನ ಗೋಡೆ ಕೆಡವಿ ಎಂದು ನ್ಯಾಯಾಲಯ ಹೇಳುವುದಿಲ್ಲ. ಅರ್ಜಿಯ ತಿರುಳಿನ ಪ್ರಶ್ನೆ ಮಾತ್ರ ಸ್ಥಳೀಯ ಸಂಸ್ಥೆಗೆ: ಅಧಿಕಾರ ಕೈಯಲ್ಲಿದ್ದೂ ಸುಮ್ಮನೆ ಕೂತದ್ದೇಕೆ? ಸಾರ್ವಜನಿಕ ರಸ್ತೆ, ಓಣಿಗಳು ಸರ್ಕಾರದ ಸ್ವತ್ತು ಎಂದು ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಹೇಳುತ್ತದೆ. ಒತ್ತುವರಿ ತೆಗೆಸುವ ಅಧಿಕಾರವನ್ನು 1976ರ ಮಹಾನಗರ ಪಾಲಿಕೆಗಳ ಕಾಯ್ದೆ ಆಯುಕ್ತರಿಗೆ ಕೊಟ್ಟಿದೆ. ಸಿಬ್ಬಂದಿ ಇಲ್ಲ, ದುಡ್ಡಿಲ್ಲ ಎಂಬ ನೆಪ ಹಳೆಯದು. ಮಧ್ಯಪ್ರದೇಶದ ರತ್ಲಾಂ ಪುರಸಭೆ ಚರಂಡಿ ವಿಚಾರದಲ್ಲಿ ಅದನ್ನೇ ಹೇಳಿತ್ತು. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಪ್ಪಲಿಲ್ಲ.

ಹಾಗಾಗಿ ಕೋರ್ಟಿಗೆ ಮುಂಚೆ ಕಾಗದ. ಆಯುಕ್ತರಿಗೋ ಮುಖ್ಯಾಧಿಕಾರಿಗೋ ಲಿಖಿತ ಮನವಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಬಡಾವಣೆಯ ನಕ್ಷೆ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. "ಮೊದಲು ಇಲ್ಲಿ ಎರಡು ಲಾರಿ ಹೋಗುತ್ತಿದ್ದವು" ಎಂಬ ಮಾತು ಊರ ಕಟ್ಟೆಯಲ್ಲಿ ನಡೆಯುತ್ತದೆ, ಪೀಠದ ಮುಂದೆ ನಡೆಯುವುದಿಲ್ಲ. ನಕ್ಷೆಯಲ್ಲಿ ರಸ್ತೆ ಎಷ್ಟು ಅಡಿ, ಈಗ ಉಳಿದದ್ದೆಷ್ಟು? ಸರ್ವೆಯರ್ ಅಳತೆ ಇದ್ದರಂತೂ ಅರ್ಧ ವಾದ ಮುಗಿದಂತೆ. ಬೇಲಿ ಜಗಳಕ್ಕೆ ಸಾರ್ವಜನಿಕ ಹಿತದ ಹೆಸರು ಕೊಟ್ಟವರಿಗೆ ದಂಡ ಬಿದ್ದದ್ದುಂಟು. ಅರ್ಜಿದಾರ ಯಾರು, ಏನು ಎಂದು ಮೊದಲು ಪರಿಶೀಲಿಸಿ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೈಕೋರ್ಟುಗಳಿಗೆ ತಿಳಿಸಿದೆ.

ಕೆಡವುವ ಮುನ್ನ 15 ದಿನಗಳ ನೋಟಿಸ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿತು. ಬುಲ್ಡೋಜರ್ ತೀರ್ಪು ಎಂದೇ ಅದು ಹೆಸರಾಗಿದೆ. ಸ್ವಂತ ಸೈಟಿನಲ್ಲಿ ನಕ್ಷೆ ಮೀರಿ ಕಟ್ಟಿದವನಿಗೆ ಈ ರಕ್ಷಣೆ ಉಂಟು. ರಸ್ತೆ, ಫುಟ್‌ಪಾತ್ ಮೇಲೆ ಕಟ್ಟಿದ್ದಕ್ಕೆ ಅದು ಅನ್ವಯಿಸದು ಎಂದು ಅದೇ ತೀರ್ಪು ಸ್ಪಷ್ಟಪಡಿಸಿದೆ. ಇಷ್ಟಿದ್ದೂ ತೆರವು ಕಾರ್ಯಾಚರಣೆಯ ಲಾರಿ ಮೊದಲು ನಿಲ್ಲುವುದು ಕಾಂಪ್ಲೆಕ್ಸಿನ ಮುಂದಲ್ಲ, ಸೊಪ್ಪು ಮಾರುವ ಹೆಂಗಸಿನ ಬುಟ್ಟಿಯ ಮುಂದೆ. 2014ರ ಕಾಯ್ದೆಯಡಿ ವ್ಯಾಪಾರ ಪ್ರಮಾಣಪತ್ರ ಪಡೆದು, ಗೊತ್ತುಮಾಡಿದ ಜಾಗದಲ್ಲಿ ಕೂತ ಬೀದಿ ವ್ಯಾಪಾರಿ ಒತ್ತುವರಿದಾರನಲ್ಲ. ನಿಮ್ಮ ಅರ್ಜಿಯಲ್ಲಿ ಈ ವ್ಯತ್ಯಾಸ ಬರೆಯದಿದ್ದರೆ, ನೀವು ತಂದ ಆದೇಶವನ್ನೇ ತೋರಿಸಿ ಆ ಹೆಂಗಸನ್ನು ಎಬ್ಬಿಸುತ್ತಾರೆ.

ದೇವರ ಗುಡಿಯ ವಿಷಯ ಇನ್ನೂ ಸೂಕ್ಷ್ಮ. ರಸ್ತೆ, ಉದ್ಯಾನಗಳಲ್ಲಿ ಯಾವ ಧರ್ಮದ ಹೆಸರಿನಲ್ಲೂ ಹೊಸದಾಗಿ ಅನಧಿಕೃತ ಕಟ್ಟಡ ಏಳಕೂಡದು, ಇರುವವುಗಳನ್ನು ಒಂದೊಂದಾಗಿ ಪರಿಶೀಲಿಸಿ ಎಂದು 2009ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2021ರ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯಲ್ಲಿ ದೇವಸ್ಥಾನ ಉರುಳಿದಾಗ ಗದ್ದಲವೆದ್ದು, ಅದೇ ತಿಂಗಳು ಸಾರ್ವಜನಿಕ ಜಾಗದಲ್ಲಿ ಆಗಲೇ ಇದ್ದ ಧಾರ್ಮಿಕ ಕಟ್ಟಡಗಳನ್ನು ಕಾಪಾಡುವ ಮಸೂದೆಯನ್ನು ನಮ್ಮ ವಿಧಾನಮಂಡಲ ಅಂಗೀಕರಿಸಿತು. ರಾಜಕೀಯದ ವೇಗಕ್ಕೆ ಕಡತದ ವೇಗ ಎಂದೂ ಸಾಟಿಯಲ್ಲ ಬಿಡಿ!

ಕೊನೆಗೆ ಆದೇಶ ಬಂತು ಎನ್ನಿ. ತೆರವಿಗೆ ಗಡುವು ಹಾಕಿ ಎಂದು ವಕೀಲರಿಂದ ಕೇಳಿಸಿ. ಗಡುವಿಲ್ಲದ ಆದೇಶ ಕಡತದಲ್ಲೇ ಮಲಗುತ್ತದೆ. ಗಡುವು ದಾಟಿದರೆ ನ್ಯಾಯಾಂಗ ನಿಂದನೆ ಅರ್ಜಿ ಇದೆ, ಆದರೆ ಅದಕ್ಕೆ ಕಾಯ್ದೆಯಲ್ಲಿರುವ ಅವಧಿ ಒಂದೇ ವರ್ಷ. ಆ ತಾರೀಖನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ನಮಸ್ಕಾರ.