ಮಡಕೆ ತಟ್ಟಿ ನೋಡುವ ವಿದ್ಯೆ

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನನ್ನನ್ನು ಪರಿಚಯಿಸುವಾಗ ‘ವಿಮಾನ ವಿಜ್ಞಾನಿ’ ಅಂದರು. ಅಷ್ಟು ದೊಡ್ಡವನಲ್ಲ ಮಾರಾಯ್ರೆ, ನಾನು ಮೆಕ್ಯಾನಿಕ್. ಸಹಿ ಹಾಕಲು ಲೈಸೆನ್ಸ್ ಇರುವ ಮೆಕ್ಯಾನಿಕ್, ಅಷ್ಟೆ. ಸಾಂತಾಕ್ರೂಜ್ ಕಡೆಯ ಹ್ಯಾಂಗರಿನಲ್ಲಿ ಮೂವತ್ತನಾಲ್ಕು ವರ್ಷ ಕಳೆದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ರಾತ್ರಿ ಪಾಳಿ. ಹಗಲು ಹಾರುವ ವಿಮಾನವನ್ನು ರಾತ್ರಿಯೇ ನೋಡಬೇಕಲ್ಲ!

ಮಾಟುಂಗದ ಈ ಸಭಾಗೃಹದಿಂದ ಧಾರಾವಿಯ ಕುಂಭಾರವಾಡೆ ದೂರವಿಲ್ಲ. ನಾನು ಹುಡುಗನಾಗಿದ್ದಾಗ ಬೇಸಗೆ ಬಂತೆಂದರೆ ಅಮ್ಮನ ಜೊತೆ ಅಲ್ಲಿಗೆ ನೀರಿನ ಮಡಕೆ ತರಲು ಹೋಗುತ್ತಿದ್ದೆ. ಅಮ್ಮ ಮಡಕೆ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಳು. ಠಣ್ ಅಂದರೆ ಸರಿ. ಥಪ್ ಅಂದರೆ ಕೆಳಗಿಟ್ಟು ಇನ್ನೊಂದು. ಅಂಗಡಿಯವನು ಎಷ್ಟು ಬೈದರೂ ನಾಲ್ಕೈದು ತಟ್ಟದೆ ಅವಳು ದುಡ್ಡು ಬಿಚ್ಚಿದವಳಲ್ಲ. ಮುಂದೆ ಹ್ಯಾಂಗರಿಗೆ ಸೇರಿದ ಮೊದಲ ತಿಂಗಳಲ್ಲೇ ನಮ್ಮ ಹಿರಿಯರೊಬ್ಬರು ಜೇಬಿನಿಂದ ನಾಣ್ಯ ತೆಗೆದು, ಒಳಗೆ ಜೇನುಗೂಡಿನಂತಿರುವ ಹಲಗೆಯ ಮೇಲೆ ಟಕ್ ಟಕ್ ಬಡಿಯುತ್ತ, ಕಿವಿಗೊಟ್ಟು ನಡೆಯುವುದನ್ನು ನೋಡಿದೆ. ಪದರ ಬಿಟ್ಟುಕೊಂಡ ಕಡೆ ಸದ್ದು ಸತ್ತುಹೋಗುತ್ತದೆ. ಇದು ಕೈಪಿಡಿಯಲ್ಲೇ ಬರೆದಿರುವ ಪರೀಕ್ಷೆ, ನಗಬೇಡಿ.

ಮಡಕೆಯನ್ನಾದರೆ ಕೊಳ್ಳುವ ದಿನ ಒಮ್ಮೆ ತಟ್ಟಿದರಾಯಿತು. ವಿಮಾನವನ್ನು ಅದು ಹಾರುವಷ್ಟು ವರ್ಷವೂ ತಟ್ಟುತ್ತಿರಬೇಕು. ಯಾಕೆ ಅನ್ನುವುದೇ ಇವತ್ತಿನ ಮಾತು.

ಇಲ್ಲಿ ಕೂತವರಲ್ಲಿ ಮುಂಬಯಿ–ಮಂಗಳೂರು ವಿಮಾನ ಹತ್ತದವರು ಕಡಿಮೆ. ವಿಮಾನ ಮೇಲೇರಿದಾಗ ಹೊರಗಿನ ಗಾಳಿ ತೆಳುವಾಗುತ್ತದೆ, ಒಳಗೆ ನಾವು ಉಸಿರಾಡಲು ಗಾಳಿ ತುಂಬಿಟ್ಟಿರುತ್ತಾರೆ. ಒಳಗಿನ ಒತ್ತಡ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಎತ್ತರದಲ್ಲಿ ಅದು ಪ್ರತಿ ಚದರ ಮೀಟರಿಗೆ ಐದಾರು ಟನ್ ತೂಕದಷ್ಟು. ತಡೆದುಕೊಳ್ಳುವ ಅಲ್ಯೂಮಿನಿಯಂ ಹೊದಿಕೆ ಎಷ್ಟು ದಪ್ಪ ಗೊತ್ತೇ? ಹಳೆಯ ಬೋಯಿಂಗ್ 737ರಲ್ಲಿ ಹಲವೆಡೆ ಒಂದು ಮಿಲಿಮೀಟರೂ ಇರಲಿಲ್ಲ. ಇಳಿದಾಗ ಒತ್ತಡ ಹೋಗುತ್ತದೆ, ಹೊದಿಕೆ ಸಡಿಲಾಗುತ್ತದೆ. ಹೀಗೆ ಒಮ್ಮೆ ಉಬ್ಬಿ ಒಮ್ಮೆ ಕುಗ್ಗಿದರೆ ನಮ್ಮ ಭಾಷೆಯಲ್ಲಿ ಒಂದು ಸೈಕಲ್. ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ತುಂಡರಿಸುತ್ತೇವಲ್ಲ, ಅದೇ ತತ್ವ. ಇಲ್ಲಿ ಬಗ್ಗುವುದು ಕಣ್ಣಿಗೆ ಕಾಣದಷ್ಟು, ಬಗ್ಗುವ ಸಲ ಸಾವಿರಾರು. ಲೋಹಕ್ಕೂ ದಣಿವಾಗುತ್ತದೆ.

ಆದ್ದರಿಂದ ವಿಮಾನದ ವಯಸ್ಸನ್ನು ವರ್ಷದಲ್ಲಿ ಕೇಳಬೇಡಿ. ಲಂಡನ್ನಿಗೆ ಹೋಗುವ ವಿಮಾನ ಒಂಬತ್ತು ಗಂಟೆ ಹಾರಿದರೂ ಅದಕ್ಕೆ ಒಂದೇ ಸೈಕಲ್. ಅಷ್ಟೇ ಹೊತ್ತಿನಲ್ಲಿ ಮುಂಬಯಿ–ಗೋವಾ ಓಡಾಡುವ ವಿಮಾನಕ್ಕೆ ಐದಾರು. ಅದರ ಮೇಲೆ ನಮ್ಮ ಕಡಲ ಗಾಳಿ. ವಸಾಯಿಯಲ್ಲಿ ಮನೆ ಇರುವವರಿಗೆ ಕಿಟಕಿಯ ಗ್ರಿಲ್ ಎಷ್ಟು ಮಳೆಗಾಲ ಬಾಳುತ್ತದೆಂದು ನಾನು ಹೇಳಬೇಕಿಲ್ಲ. ಅಲ್ಯೂಮಿನಿಯಂ ಕೆಂಪು ತುಕ್ಕು ಹಿಡಿಯುವುದಿಲ್ಲ, ಬಿಳಿ ಪುಡಿಯಾಗಿ ಉಬ್ಬುತ್ತದೆ. ಹಲಗೆಗಳನ್ನು ಜೋಡಿಸುವ ಮೊಳೆಗಳ, ಅಂದರೆ ರಿವೆಟ್‌ಗಳ, ಸಾಲಿನ ಅಡಿಯಲ್ಲಿ ಉಬ್ಬಿದರೆ ಹೊದಿಕೆಯನ್ನು ಒಳಗಿನಿಂದ ಮೀಟುತ್ತದೆ.

ಈ ದಣಿವಿನ ಪಾಠವನ್ನು ಜಗತ್ತು ಕಲಿತದ್ದು ಕಾಮೆಟ್ ಎಂಬ ಬ್ರಿಟಿಷ್ ಜೆಟ್ ವಿಮಾನದಿಂದ. 1954ರ ಜನವರಿ 10ರಂದು ಸಿಂಗಾಪುರದಿಂದ ಲಂಡನ್ನಿಗೆ ಹೊರಟಿದ್ದ ಕಾಮೆಟ್ ರೋಮ್ ಬಿಟ್ಟ ಮೇಲೆ ಎಲ್ಬಾ ದ್ವೀಪದ ಬಳಿ ಆಕಾಶದಲ್ಲೇ ಒಡೆಯಿತು. 35 ಜನ ಹೋದರು. ಏಪ್ರಿಲ್ 8ಕ್ಕೆ ನೇಪಲ್ಸ್ ಬಳಿ ಇನ್ನೊಂದು. ಬ್ರಿಟಿಷರು ಫಾರ್ನ್‌ಬರೋದಲ್ಲಿ ಒಂದು ಇಡೀ ಕಾಮೆಟ್‌ನ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ನೀರು ತುಂಬಿ ಒತ್ತಡ ಕೊಟ್ಟು ಬಿಟ್ಟು, ಕೊಟ್ಟು ಬಿಟ್ಟು ನೋಡಿದರು. ನೀರೇ ಯಾಕೆ? ಗಾಳಿ ತುಂಬಿದ್ದು ಒಡೆದರೆ ಬಾಂಬಿನಂತೆ ಸಿಡಿದು ಪುರಾವೆಯೇ ಚೂರಾಗುತ್ತದೆ. ನೀರಾದರೆ ಸೀಳು ಸೀಳಾಗಿಯೇ ಉಳಿಯುತ್ತದೆ. ಅದು ಅಲ್ಲಿಯವರೆಗೆ ಹಾರಿದ್ದು, ತೊಟ್ಟಿಯಲ್ಲಿ ಉಬ್ಬಿದ್ದು ಎಲ್ಲ ಸೇರಿ ಮೂರು ಸಾವಿರ ಸೈಕಲ್ ದಾಟಿದ ಸ್ವಲ್ಪದರಲ್ಲೇ ಒಡೆಯಿತು. ಚೌಕ ಕಿಟಕಿಯಿಂದ ಕಾಮೆಟ್ ಬಿತ್ತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎಲ್ಬಾದಲ್ಲಿ ಎತ್ತಿದ ಅವಶೇಷದಲ್ಲಿ ಸೀಳು ಕಂಡದ್ದು ಚಾವಣಿಯಲ್ಲಿ, ಆಂಟೆನಾಕ್ಕಾಗಿ ತೆರೆದ ಕಿಂಡಿಯ ಬಳಿ.

ಕಾಮೆಟ್ ಆದ ಮೇಲೆ ಜಾಣರು ಒಂದು ಉಪಾಯ ಮಾಡಿದರು. ಒಂದು ತೊಲೆ ಬಿರುಕು ಬಿಟ್ಟರೆ ಪಕ್ಕದ್ದು ಭಾರ ಹೊರಲಿ, ಹಾಗೆ ಕಟ್ಟೋಣ ಎಂದರು. ಒಳ್ಳೆಯ ಯೋಚನೆ. ಆದರೆ 1977ರ ಮೇ 14ರಂದು ಜಾಂಬಿಯಾದ ಲುಸಾಕಾದಲ್ಲಿ ಇಳಿಯಲು ಬರುತ್ತಿದ್ದ ಸರಕಿನ 707ರ ಬಾಲದ ಬಲರೆಕ್ಕೆ ಕಳಚಿ ಬಿತ್ತು. ಒಳಗಿದ್ದ ಆರೂ ಜನ ಸತ್ತರು. ಆ ತೊಲೆಗೂ ಪಕ್ಕದಲ್ಲಿ ಆಸರೆ ಇತ್ತು! ಬಿರುಕು ಎಷ್ಟೋ ಕಾಲದಿಂದ ಬೆಳೆಯುತ್ತಿತ್ತು, ಯಾರೂ ಕಾಣಲಿಲ್ಲ. ಭಾರ ಹೊತ್ತ ಪಕ್ಕದ ತೊಲೆಯೂ ದಣಿಯುತ್ತದೆ ಅಲ್ಲವೇ? ಮೊದಲನೆಯದು ಹೋದದ್ದು ಗೊತ್ತೇ ಆಗದಿದ್ದರೆ ಎರಡನೆಯದು ಇದ್ದು ಏನು ಉಪಯೋಗ? ನನಗೆ ಕಾಮೆಟ್‌ಗಿಂತ ಈ ಅಪಘಾತವೇ ಹೆಚ್ಚು ಮುಖ್ಯ ಅನ್ನಿಸುತ್ತದೆ, ಪತ್ರಿಕೆಗಳು ಹೆಚ್ಚು ಬರೆಯದಿದ್ದರೂ.

ಮರುವರ್ಷ, 1978ರಲ್ಲಿ, ಅಮೆರಿಕದ ನಿಯಮ ಬದಲಾಯಿತು. ಹೊಸ ನಿಯಮದ ತಿರುಳು ಇಷ್ಟು: ವಿಮಾನದಲ್ಲಿ ಬಿರುಕು ಈಗಾಗಲೇ ಇದೆ ಎಂದೇ ಇಟ್ಟುಕೊಳ್ಳಿ. ಉಪಕರಣಕ್ಕೆ ಸಿಗುವಷ್ಟು ದೊಡ್ಡದಾದ ದಿನದಿಂದ ಅಪಾಯದ ಉದ್ದ ಮುಟ್ಟುವ ದಿನದವರೆಗೆ ಎಷ್ಟು ಸೈಕಲ್ ಹಿಡಿಯುತ್ತದೆ ಲೆಕ್ಕ ಹಾಕಿ. ಆ ಅವಧಿಯನ್ನು ಎರಡು ಪಾಲೋ ಮೂರು ಪಾಲೋ ಮಾಡಿ, ಪಾಲಿಗೊಮ್ಮೆ ನೋಡಿ. ಒಮ್ಮೆ ಕಣ್ತಪ್ಪಿದರೂ ಇನ್ನೊಂದು ಅವಕಾಶ ಇರಬೇಕು. ಬಿರುಕು ಬೆಳೆಯುವುದು ಲೇವಾದೇವಿಯವನ ಬಡ್ಡಿಯ ಹಾಗೆ, ಮೊದಲು ವರ್ಷಗಟ್ಟಲೆ ಏನೂ ಇಲ್ಲವೆನ್ನುವಷ್ಟು, ಕೊನೆಗೆ ಒಂದೇ ಓಟ. ಹಾಗಾಗಿ ನಾನು ‘ಬಿರುಕು ಕಾಣಲಿಲ್ಲ’ ಎಂದು ಸಹಿ ಹಾಕಿದರೆ ಅದರ ಅರ್ಥ ವಿಮಾನದಲ್ಲಿ ಬಿರುಕಿಲ್ಲ ಎಂದಲ್ಲ. ನನ್ನ ಕೈಗೆ ಸಿಗದಷ್ಟು ಸಣ್ಣದು ಇದ್ದರೂ ಇರಬಹುದು, ಆದರೆ ಮುಂದಿನ ಸಲ ನೋಡುವ ಮೊದಲು ಅದು ಯಾರನ್ನೂ ಕೊಲ್ಲುವಷ್ಟು ಬೆಳೆಯದು, ಎಂದು ಅರ್ಥ. ಇದನ್ನು ಹೊಸ ಹುಡುಗರಿಗೆ ತಿಳಿಸಲು ನನಗೆ ತಿಂಗಳುಗಳು ಹಿಡಿದಿವೆ.

ಈಗ ಕಡ್ಡಾಯದ ಮಾತು. ವಿಮಾನ ಕಟ್ಟಿದವರು ಕಳಿಸುವ ಸಲಹೆಯ ಕಾಗದಕ್ಕೆ ಸರ್ವಿಸ್ ಬುಲೆಟಿನ್ ಎನ್ನುತ್ತೇವೆ. ಅದೇ ವಿಷಯವನ್ನು ಸರಕಾರದ ವಿಮಾನಯಾನ ಪ್ರಾಧಿಕಾರ ಆಜ್ಞೆಯಾಗಿ ಹೊರಡಿಸಿದರೆ ಅದು ಏರ್‌ವರ್ದಿನೆಸ್ ಡೈರೆಕ್ಟಿವ್, ನಮ್ಮ ಬಾಯಲ್ಲಿ ‘ಎಡಿ’. ಅಮೆರಿಕದ ವಿಮಾನಕ್ಕೆ ಎಫ್‌ಎಎ, ಏರ್‌ಬಸ್‌ಗೆ ಯುರೋಪಿನ ಇಎಎಸ್‌ಎ. ನಮ್ಮಲ್ಲಿ ಪಾಲನೆ ಮಾಡಿಸುವವರು ಡಿಜಿಸಿಎ. ಎಡಿಯಲ್ಲಿ ಬರೆದ ಗಡುವು ದಾಟಿದರೆ ಆ ವಿಮಾನ ಹಾರುವಂತಿಲ್ಲ, ಮಂತ್ರಿಗಳು ಹತ್ತಿ ಕೂತಿದ್ದರೂ.

2019ರ ಉದಾಹರಣೆ ಕೇಳಿ. ಒಂದು 737ನ್ನು ಸರಕಿನ ವಿಮಾನವಾಗಿ ಬದಲಾಯಿಸಲು ಬಿಚ್ಚಿದಾಗ ರೆಕ್ಕೆಯನ್ನು ಒಡಲಿಗೆ ಹಿಡಿದಿಡುವ ಭಾಗದಲ್ಲಿ ಬಿರುಕು ಕಂಡಿತು. ಆ ಭಾಗಕ್ಕೆ ಪಿಕಲ್ ಫೋರ್ಕ್ ಎಂದು ಹೆಸರು. ಉಪ್ಪಿನಕಾಯಿ ತೆಗೆಯುವ ಮುಳ್ಳುಚಮಚ! ನಾವು ಉಪ್ಪಿನಕಾಯಿಗೆ ಮುಳ್ಳುಚಮಚ ಬಳಸುವವರಲ್ಲ, ಆದ್ದರಿಂದ ಹ್ಯಾಂಗರಿನಲ್ಲಿ ಈ ಹೆಸರಿನ ಮೇಲೆ ಬೇಕಾದಷ್ಟು ತಮಾಷೆ ನಡೆದಿದೆ. ವಿಮಾನದ ಆಯುಷ್ಯ ಪೂರ್ತಿ ಬಾಳಬೇಕಾಗಿದ್ದ ಭಾಗ ಅದು. ಎಫ್‌ಎಎ ತಕ್ಷಣ ಎಡಿ ಹೊರಡಿಸಿತು: 30,000 ಸೈಕಲ್ ಮುಟ್ಟಿದ ವಿಮಾನಗಳನ್ನು 7 ದಿನದೊಳಗೆ ನೋಡಿ, 22,600 ದಾಟಿದವನ್ನು ಮುಂದಿನ 1,000 ಸೈಕಲ್ ಒಳಗೆ. ಬಿರುಕು ಸಿಕ್ಕರೆ ರಿಪೇರಿಯಾಗುವವರೆಗೆ ನೆಲದ ಮೇಲೆ. ಏಳು ದಿನ ಎಂದರೆ ಏನೆಂದು ಹ್ಯಾಂಗರಿನವರನ್ನು ಕೇಳಬೇಕು. ಮನೆಯಲ್ಲಿ ಮದುವೆ ಇದ್ದರೂ ರಜೆ ಸಿಗುವುದಿಲ್ಲ.

ಸರಿ, ನೋಡುವುದು ಹೇಗೆ? ಎಕ್ಸ್‌ರೇ ಇದೆ, ಬಸುರಿಯರ ಸ್ಕ್ಯಾನಿನಂಥ ಅಲ್ಟ್ರಾಸಾನಿಕ್ ಇದೆ. ಅದನ್ನು ನಮ್ಮ ಲೋಕಲ್ ರೈಲಿನ ಹಳಿಗಳ ಮೇಲೂ ತಳ್ಳಿಕೊಂಡು ಹೋಗುತ್ತಾರೆ. ನನಗೆ ಪ್ರೀತಿಯದು ಬಣ್ಣದ ಪರೀಕ್ಷೆ. ಭಾಗವನ್ನು ಚೆನ್ನಾಗಿ ತೊಳೆದು ಒಣಗಿಸಿ, ಕೆಂಪು ದ್ರವ ಬಳಿದು ಹತ್ತಿಪ್ಪತ್ತು ನಿಮಿಷ ಬಿಡಬೇಕು. ಆಮೇಲೆ ಒರೆಸಿ ಬಿಳಿ ಪುಡಿ ಸಿಂಪಡಿಸಬೇಕು. ಬಿರುಕಿನೊಳಗೆ ಇಳಿದಿದ್ದ ಬಣ್ಣ ಬಿಳಿಯ ಮೇಲೆ ಮೆಲ್ಲಗೆ ಒಸರಿ ಕೂದಲೆಳೆಯ ಕೆಂಪು ಗೆರೆ ಮೂಡುತ್ತದೆ. ಮೊದಲ ಸಲ ಕಂಡಾಗ ನನ್ನ ಮೈ ಜುಂ ಅಂದಿತ್ತು. ರಿವೆಟ್ ಸಾಲಿಗೆ ಬೇರೆ ದಾರಿ, ಎಡಿ ಕರೆಂಟ್. ಈ ‘ಎಡಿ’ಗೂ ಆ ‘ಎಡಿ’ಗೂ ಸಂಬಂಧವಿಲ್ಲ, ಇಂಗ್ಲಿಷರ ಅಕ್ಷರದ ಗೊಂದಲ. ಪೆನ್ನಿನಂಥ ಸುರುಳಿಯನ್ನು ಲೋಹದ ಮೇಲೆ ಹಿಡಿದರೆ ಲೋಹದೊಳಗೆ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಬಿರುಕು ಅಡ್ಡ ಬಂದರೆ ಸುಳಿ ದಾರಿ ತಪ್ಪುತ್ತದೆ, ಪರದೆಯ ಮೇಲಿನ ಚುಕ್ಕೆ ಜಿಗಿಯುತ್ತದೆ. ಒಂದು ರಿವೆಟ್, ಮುಂದಿನ ರಿವೆಟ್, ಅದರ ಮುಂದಿನದು. ಚುಕ್ಕೆ ಜಿಗಿಯುವುದೇ ಇಲ್ಲ. ರಾತ್ರಿ ಮೂರು ಗಂಟೆ, ಏಣಿಯ ಮೇಲೆ, ಕತ್ತು ಎತ್ತಿ. ಐನೂರನೆಯ ರಿವೆಟ್ಟಿನಲ್ಲೂ ‘ಇದರಲ್ಲಿ ಇದೆ’ ಎಂದುಕೊಂಡೇ ನೋಡಬೇಕು. ಈ ಕೆಲಸದ ಕಷ್ಟವೆಲ್ಲ ಇಲ್ಲಿಯೇ ಇದೆ.

ತೊಂಬತ್ತರ ದಶಕದ ಒಂದು ಜುಲೈ ರಾತ್ರಿ. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು, ವಿಮಾನ ಬೆಳಗಿನ ಆರಕ್ಕೆ ಹೊರಡಬೇಕಿತ್ತು. ನಾಲ್ಕೂವರೆಗೆ ನನ್ನ ಚುಕ್ಕೆ ಜಿಗಿಯಿತು. ಮತ್ತೆ ಹಿಡಿದೆ, ಮತ್ತೆ ಜಿಗಿಯಿತು. ನಾನು ಬರೆದುಬಿಟ್ಟೆ: ಅನುಮಾನ. ವಿಮಾನ ನಿಂತಿತು. ಪೇಂಟ್ ತೆಗೆದು, ಭೂತಗನ್ನಡಿ ಹಿಡಿದು, ಬೇರೆ ಉಪಕರಣ ತರಿಸಿ ನೋಡುವಷ್ಟರಲ್ಲಿ ಮಧ್ಯಾಹ್ನ. ಅದು ಬಿರುಕಾಗಿರಲಿಲ್ಲ, ಹಿಂದೆ ಯಾರೋ ಉಪಕರಣ ಜಾರಿಸಿ ಮಾಡಿದ ಗೀರು. ಆಫೀಸಿನ ದೊಡ್ಡವರೊಬ್ಬರು ಎಲ್ಲರೆದುರು ಬೈದರು, ನಷ್ಟದ ಲೆಕ್ಕ ಓದಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಮರುದಿನ ರಾತ್ರಿ ಆ ನಾಣ್ಯದ ಹಿರಿಯರು, ಮರಾಠಿಯವರು, ಅದೇ ಏಣಿಯನ್ನು ಇನ್ನೊಂದು ವಿಮಾನದ ಕೆಳಗೆ ತಂದಿಟ್ಟು, ‘ಅಣ್ಣಾ, ಪರತ್ ಬಘ್’ ಅಂದರು. ಮತ್ತೆ ನೋಡು. ಅಷ್ಟೇ. ಆದರೆ ಒಂದು ತಿಂಗಳು ನನ್ನ ಕೈ ಚುಕ್ಕೆ ಜಿಗಿಯದಿರಲಿ ಎಂದು ಹಾರೈಸುತ್ತಲೇ ಇತ್ತು. ಅದು ಎಂಥ ಅಪಾಯ ಎಂದು ಆಗ ಹೊಳೆದಿರಲಿಲ್ಲ.

ಹೊಳೆದದ್ದು ಹವಾಯಿಯ ಅಲೋಹಾ ವಿಮಾನದ ವರದಿ ಓದಿದಾಗ. 1988ರ ಏಪ್ರಿಲ್ 28. ದ್ವೀಪದಿಂದ ದ್ವೀಪಕ್ಕೆ ಹಾರುವ 737. 89,680 ಸೈಕಲ್, ಹಾರಿದ ಗಂಟೆ 35,496. ಭಾಗಿಸಿ ನೋಡಿ, ಸರಾಸರಿ ಒಂದು ಹಾರಾಟಕ್ಕೆ ಇಪ್ಪತ್ನಾಲ್ಕು ನಿಮಿಷ. ಕಡಲ ಗಾಳಿ ಬೇರೆ. 24,000 ಅಡಿಯಲ್ಲಿ ಮುಂಭಾಗದ ಚಾವಣಿ ಸುಮಾರು ಐದೂವರೆ ಮೀಟರ್ ಕಿತ್ತು ಹಾರಿತು. ಗಗನಸಖಿಯೊಬ್ಬರು ಹೊರಗೆ ಸೆಳೆದು ಹೋದರು. ಪೈಲಟ್‌ಗಳು ಮಾವಿ ದ್ವೀಪದಲ್ಲಿ ಇಳಿಸಿದರು, ಉಳಿದ 94 ಜನ ಬದುಕಿದರು. ಒಂದು ದೊಡ್ಡ ಬಿರುಕಲ್ಲ, ರಿವೆಟ್ ಸಾಲಿನುದ್ದಕ್ಕೆ ಅನೇಕ ಸಣ್ಣ ಬಿರುಕುಗಳು ಒಂದಕ್ಕೊಂದು ಕೈ ಹಿಡಿದಿದ್ದವು. ವಿಮಾನ ಕಟ್ಟಿದವರ ಬುಲೆಟಿನ್ ಹೊದಿಕೆಯ ಎಲ್ಲ ಜೋಡಣೆಗಳನ್ನೂ ನೋಡಿ ಎಂದಿತ್ತು. ಸರಕಾರದ ಎಡಿ ಅವುಗಳಲ್ಲಿ ಕೆಲವನ್ನು ಮಾತ್ರ ಕಡ್ಡಾಯ ಮಾಡಿತ್ತು. ಬೇಸರದ ಕೆಲಸ, ನಿದ್ದೆಗೆಟ್ಟ ರಾತ್ರಿ ಪಾಳಿ, ಏನೂ ಸಿಗುವುದಿಲ್ಲ ಎಂಬ ನಿರೀಕ್ಷೆ, ಇವುಗಳ ಬಗ್ಗೆಯೂ ವರದಿ ಬರೆದಿದೆ. ಓದುವಾಗ ನನ್ನ ಏಣಿ ಕಣ್ಮುಂದೆ ಬಂತು.

ತೇಪೆಯ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. 2002ರ ಮೇ 25ರಂದು ತೈಪೆಯಿಂದ ಹಾಂಗ್‌ಕಾಂಗ್‌ಗೆ ಹೊರಟ 747 ಸಮುದ್ರದ ಮೇಲೆ ಒಡೆದು 225 ಜನ ಹೋದರು. 1980ರಲ್ಲಿ ಅದರ ಬಾಲ ರನ್‌ವೇಗೆ ಉಜ್ಜಿತ್ತು. ಗೀರು ಬಿದ್ದ ಹೊದಿಕೆಯನ್ನು ಕತ್ತರಿಸಿ ತೆಗೆಯದೆ ಮೇಲೊಂದು ತೇಪೆ ಹಾಕಿದ್ದರು. ಅಡಿಯಲ್ಲಿ ಬಿರುಕು 22 ವರ್ಷ ಬೆಳೆಯಿತು. ತೇಪೆಯ ಅಂಚಿನಲ್ಲಿ ಕಂದು ಕಲೆ ಇತ್ತು. ವಿಮಾನದೊಳಗೆ ಸೇದಲು ಬಿಡುತ್ತಿದ್ದ ಕಾಲದ ಸಿಗರೇಟ್ ಹೊಗೆ ಸಂದಿಯಿಂದ ಸೋರಿ ಹಿಡಿದ ಕಲೆ. ಬೀಡಿ ಸೇದುವವನ ಮನೆಯ ಗೋಡೆ ನೋಡಿದವರಿಗೆ ಆ ಬಣ್ಣ ಗೊತ್ತು. ವಿಮಾನ ತಾನೇ ಗುರುತು ಹಾಕಿ ತೋರಿಸುತ್ತಿತ್ತು.

ಅಲೋಹಾದಲ್ಲೂ ಹಾಗೇ ಆಗಿತ್ತು. ಹತ್ತುವಾಗ ಒಬ್ಬ ಮಹಿಳೆಗೆ ಬಾಗಿಲ ಬಳಿ ಬಿರುಕು ಕಂಡಿತ್ತು. ಆಕೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ನಮಗೆಲ್ಲ ಇದ್ದದ್ದೇ.

ನಾನು ಮಂಗಳೂರಿಗೆ ಹೋಗುವಾಗೆಲ್ಲ ವಿಮಾನದ ಬಾಗಿಲಲ್ಲಿ ಒಂದು ಕ್ಷಣ ನಿಂತು ಹೊದಿಕೆಯ ಮೇಲೆ ಅಂಗೈ ಇಟ್ಟು ರಿವೆಟ್ ಸಾಲು ನೋಡುತ್ತೇನೆ. ‘ನಿಮ್ಮ ಡ್ಯೂಟಿ ಇನ್ನೂ ಮುಗಿದಿಲ್ವಾ?’ ಎಂದು ಹೆಂಡತಿ ಬೆನ್ನಿಗೆ ಚುಚ್ಚುತ್ತಾಳೆ. ಹೋದ ಸಲ ಬಾಗಿಲ ಪಕ್ಕ ಒಂದು ಗೆರೆ ಕಂಡಿತು. ಗಗನಸಖಿಗೆ ಹೇಳಿದೆ. ಹಿಂದಿನ ಸಾಲಿನವರು ಗೊಣಗಿದರು. ಟಾರ್ಚ್ ಹಿಡಿದು ಒಬ್ಬ ಎಳೆಯ ಇಂಜಿನಿಯರ್ ಹುಡುಗ ಮೆಟ್ಟಿಲೇರಿ ಬಂದ, ಗೆರೆಯ ಮೇಲೆ ಉಗುರು ಎಳೆದ, ಬಟ್ಟೆಯಿಂದ ಒರೆಸಿದ, ಮತ್ತೆ ಉಗುರು ಎಳೆದ. ಪೇಂಟಿನ ಗೀಟು. ಎಂಟು ನಿಮಿಷ ತಡವಾಯಿತು. ನಾನು ಸಪ್ಪಗೆ ‘ಸಾರಿ’ ಅಂದೆ. ಅವನು ಟಾರ್ಚ್ ಆರಿಸಿ, ‘ಇಲ್ಲ ಅಂಕಲ್, ನಾನು ಈ ಬದಿ ನೋಡಿರಲಿಲ್ಲ’ ಅಂದು ಇಳಿದು ಹೋದ.